ಡ್ರಾಯಿಂಗ್ ಹೇಳಿದ್ದೊಂದು, ಸೈಟ್‌ನಲ್ಲಿ ಆಗಿದ್ದೊಂದು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಡ್ರಾಯಿಂಗ್‌ನಲ್ಲಿ ಇದ್ದದ್ದು ಸೈಟ್‌ನಲ್ಲಿ ಇಲ್ಲ, ಸೈಟ್‌ನಲ್ಲಿ ಇರೋದು ಡ್ರಾಯಿಂಗ್‌ನಲ್ಲಿ ಇಲ್ಲ. ಮನೆ ಕಟ್ಟಿಸುತ್ತಿರುವವರು ಬರೆದಿದ್ದಾರೆ, ಸೈಟ್ ಎಂಜಿನಿಯರ್‌ಗಳು ಬರೆದಿದ್ದಾರೆ, ಈಗಷ್ಟೇ ಕೆಲಸಕ್ಕೆ ಸೇರಿದ ಆರ್ಕಿಟೆಕ್ಟ್ ಒಬ್ಬರೂ ಬರೆದಿದ್ದಾರೆ. ತಪ್ಪು ಯಾರದ್ದು ಅಂತ ಹೇಳಿ ಎಂದು ಕೆಲವರು ಪಟ್ಟು ಹಿಡಿದಿದ್ದಾರೆ. ಅದನ್ನು ನಾನು ಇಲ್ಲಿ ಕೂತು ಹೇಳೋಕಾಗಲ್ಲ. ಎಲ್ಲಿ ತಪ್ಪುತ್ತೆ ಅಂತ ಮಾತ್ರ ಹೇಳಬಲ್ಲೆ. ಆಫೀಸಿನ ಟೇಬಲ್ಲಿಗೂ ಸೈಟಿಗೂ ನಡುವೆ ಚಪ್ಪಲಿ ಸವೆಸಿದವನು ನಾನು, ಎರಡೂ ಕಡೆ ಬೈಸಿಕೊಂಡಿದ್ದೇನೆ.

ಪ್ರಶ್ನೆ: ಬಾತ್‌ರೂಮಿನ ಅಗಲ ಡ್ರಾಯಿಂಗ್‌ನಲ್ಲಿ 1500 ಮಿ.ಮೀ. ಟೈಲ್ಸ್ ಹಾಕಿದ ಮೇಲೆ ಅಳೆದರೆ 1454. ಮೇಸ್ತ್ರಿ ‘ನಾನು ಸರಿಯಾಗೇ ಕಟ್ಟಿದ್ದೀನಿ’ ಅಂತಾರೆ, ಆರ್ಕಿಟೆಕ್ಟ್ ‘ಡ್ರಾಯಿಂಗ್ ಸರಿಯಾಗೇ ಇದೆ’ ಅಂತಾರೆ. ಹಾಗಾದ್ರೆ 46 ಮಿ.ಮೀ. ಎಲ್ಲಿಗೆ ಹೋಯ್ತು?

ಎಲ್ಲಿಗೂ ಹೋಗಿಲ್ಲ, ಗೋಡೆ ಮೇಲೇ ಇದೆ. ಒಂದು ಗೋಡೆಗೆ 12 ಮಿ.ಮೀ. ಪ್ಲಾಸ್ಟರ್, ಟೈಲ್ ಅಂಟಿಸುವ ಗಾರೆ 3, ಟೈಲ್ 8. ಒಟ್ಟು 23. ಎದುರು ಗೋಡೆಗೂ ಅಷ್ಟೇ. ಎರಡೂ ಸೇರಿ 46. ಲೆಕ್ಕ ಸರಿಹೋಯ್ತಲ್ಲ? ಮೇಸ್ತ್ರಿ ಇಟ್ಟಿಗೆಯಿಂದ ಇಟ್ಟಿಗೆಗೆ 1500 ಹಿಡಿದು ಕಟ್ಟಿದ್ದಾರೆ, ನೀವು ಟೈಲ್‌ನಿಂದ ಟೈಲ್‌ಗೆ ಅಳೆದಿದ್ದೀರಿ. ಇಬ್ಬರೂ ಸುಳ್ಳು ಹೇಳಿಲ್ಲ.

ಹಾಗಂತ ಆರ್ಕಿಟೆಕ್ಟ್‌ರನ್ನು ಪೂರ್ತಿ ಬಿಟ್ಟುಬಿಡೋಕಾಗಲ್ಲ. 1500 ಅನ್ನೋದು ಬರೀ ಗೋಡೆಯ ಅಳತೆಯೋ, ಎಲ್ಲ ಮುಗಿದ ಮೇಲಿನ ಅಳತೆಯೋ ಅಂತ ಡ್ರಾಯಿಂಗ್‌ನಲ್ಲಿ ಒಂದು ಸಾಲು ಬರೆದಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ. ಹಾಲ್‌ನಲ್ಲಿ 46 ಮಿ.ಮೀ. ಕಡಿಮೆಯಾದರೆ ಯಾರಿಗೂ ಗೊತ್ತಾಗಲ್ಲ. ಬಾತ್‌ರೂಮಲ್ಲಿ ಗೊತ್ತಾಗುತ್ತೆ, ಯಾಕಂದ್ರೆ 1500ರ ಟಬ್ ಆರ್ಡರ್ ಮಾಡಿಬಿಟ್ಟಿರುತ್ತೀರಿ. ಅಡುಗೆಮನೆ ಕಪಾಟು, ಲಿಫ್ಟ್, ರೆಡಿಮೇಡ್ ಬಾಗಿಲು, ಹೀಗೆ ಹೊರಗೆ ತಯಾರಾಗಿ ಬಂದು ಕೂರುವ ವಸ್ತು ಇರುವ ಕಡೆಯೆಲ್ಲ ‘ಇದು ಯಾವ ಅಳತೆ?’ ಅಂತ ಮೊದಲೇ ಕೇಳಿ. ಟಬ್ ಇನ್ನೂ ಆರ್ಡರ್ ಮಾಡಿಲ್ಲ ಅಂದುಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಮೆಟ್ಟಿಲಲ್ಲಿ ಎಲ್ಲರೂ ಎಡವುತ್ತಾರೆ. ಹತ್ತೋವಾಗ ಕೊನೆ ಮೆಟ್ಟಿಲು ಎತ್ತರ ಅನಿಸುತ್ತೆ, ಮೊದಲನೇದು ಗಿಡ್ಡ. ಕಾಂಕ್ರೀಟ್ ಹಾಕಿದಾಗ ನಾನೇ ಟೇಪ್ ಹಿಡಿದು ನೋಡಿದ್ದೆ, ಎಲ್ಲಾ ಒಂದೇ ಸಮ ಇತ್ತು.

ಸಮ ಇತ್ತಲ್ಲ, ಅದೇ ತಪ್ಪಾಗಿದ್ದು!

ನೀವು ಕೊಟ್ಟಿರುವ ಅಳತೆಯಲ್ಲೇ ನೋಡೋಣ. ಕೆಳಗಿನ ಸ್ಲ್ಯಾಬ್‌ನಿಂದ ಮೇಲಿನ ಸ್ಲ್ಯಾಬ್‌ಗೆ 3150 ಮಿ.ಮೀ. ಒಟ್ಟು 18 ಏರು, ಅಂದ್ರೆ ಕಾಲೆತ್ತಿ ಹತ್ತುವ ಎತ್ತರಗಳು. ಒಂದಕ್ಕೆ 175. ಡ್ರಾಯಿಂಗ್‌ನಲ್ಲೂ 175, ಕಾಂಕ್ರೀಟ್‌ಗೆ ಅಚ್ಚು ಕಟ್ಟುವ ಸೆಂಟರಿಂಗ್‌ನವರು ಹಲಗೆ ಹೊಡೆದದ್ದೂ 175. ಇಲ್ಲಿವರೆಗೆ ಎಲ್ಲಾ ಚೆನ್ನಾಗಿದೆ. ಆಮೇಲೆ ನೆಲಕ್ಕೆ ಗಾರೆ, ಟೈಲ್ ಸೇರಿ 60 ಮಿ.ಮೀ. ಬಂತು. ಮೆಟ್ಟಿಲ ಮೇಲೆ ಕಲ್ಲು, ಗಾರೆ ಸೇರಿ 30 ಬಂತು. ಈಗ ಲೆಕ್ಕ ಹಾಕಿ. ಕೆಳಗಿನ ನೆಲ 60 ಮೇಲೆ ಬಂದಿದೆ, ಮೊದಲ ಮೆಟ್ಟಿಲು 30 ಮಾತ್ರ ಮೇಲೆ ಬಂದಿದೆ. 175ರಲ್ಲಿ 30 ಹೋದರೆ 145. ನಡುವಿನ ಮೆಟ್ಟಿಲೆಲ್ಲಾ ಒಟ್ಟಿಗೇ 30 ಏರಿದ್ದರಿಂದ ಅವು 175 ಆಗೇ ಉಳಿದವು. ಮೇಲೆ ಹೋದರೆ ಉಲ್ಟಾ: ಕೊನೆ ಮೆಟ್ಟಿಲು 30 ಏರಿದೆ, ಮಹಡಿಯ ನೆಲ 60 ಏರಿದೆ, ಹಾಗಾಗಿ ಕೊನೆಯ ಏರು 205. ಒಂದೇ ಮೆಟ್ಟಿಲಲ್ಲಿ 145, 175, 205.

ಕಾಲಿಗೆ ಕಣ್ಣಿಲ್ಲ ನೋಡಿ. ಮೂರ್ನಾಲ್ಕು ಮೆಟ್ಟಿಲು ಹತ್ತೋದ್ರೊಳಗೆ ಕಾಲು ಎತ್ತರವನ್ನು ಅಭ್ಯಾಸ ಮಾಡಿಕೊಂಡಿರುತ್ತೆ, ಆಮೇಲೆ ಅದು ನೋಡೋದಿಲ್ಲ, ಸುಮ್ನೆ ಎತ್ತಿ ಇಡುತ್ತೆ. ಅಮೆರಿಕದಲ್ಲಿ ಹೆಚ್ಚಾಗಿ ಬಳಸುವ ಕಟ್ಟಡ ನಿಯಮಾವಳಿ ಒಂದು ಸಾಲು ಮೆಟ್ಟಿಲಲ್ಲಿ ಅತಿ ಎತ್ತರದ್ದಕ್ಕೂ ಅತಿ ಗಿಡ್ಡದ್ದಕ್ಕೂ 9.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಅನ್ನುತ್ತೆ. ನಿಮ್ಮಲ್ಲಿ 60 ಇದೆ.

ಸರಿಯಾಗಿ ಮಾಡಬೇಕಿದ್ದದ್ದು ಹೀಗೆ: ಕಾಂಕ್ರೀಟ್ ಹಾಕುವಾಗ ಮೊದಲ ಏರನ್ನು ಬೇಕಂತಲೇ 205 ಮಾಡಿ, ಕೊನೆಯದನ್ನು 145 ಮಾಡಬೇಕು. ಆಗ ಟೈಲ್, ಕಲ್ಲು ಎಲ್ಲಾ ಬಂದ ಮೇಲೆ ಅಷ್ಟೂ 175ಕ್ಕೆ ಬಂದು ನಿಲ್ಲುತ್ತವೆ. ಇದನ್ನು ಮಾಡಬೇಕಾದರೆ ನೆಲಕ್ಕೆ ಏನು ಹಾಕ್ತೀವಿ, ಮೆಟ್ಟಿಲಿಗೆ ಏನು ಹಾಕ್ತೀವಿ ಅಂತ ಸೆಂಟರಿಂಗ್ ಹೊಡೆಯೋ ಮೊದಲೇ ಗೊತ್ತಿರಬೇಕು. ಟೈಲ್ಸ್ ಆಮೇಲೆ ನೋಡೋಣ ಬಿಡಿ ಅಂತ ಎಲ್ಲರೂ ಹೇಳ್ತಾರೆ. ಬಣ್ಣ ಬೇಕಾದರೆ ಆಮೇಲೆ ನೋಡಿ. ದಪ್ಪ ಈಗಲೇ ಬೇಕು.

ಈಗ ಏನು ಮಾಡೋದು? ಕೆಳಗಿನ ನೆಲವನ್ನು ಮುಟ್ಟದೆ ಮೆಟ್ಟಿಲ ಮೇಲೆ ಇನ್ನೂ 30 ಮಿ.ಮೀ. ಏರಿಸಿದರೆ ಎಲ್ಲಾ 175 ಆಗುತ್ತೆ. 145ಕ್ಕೆ 30 ಸೇರಿ 175, ಮೇಲೆ 205ರಲ್ಲಿ 30 ಹೋಗಿ 175. ಕಲ್ಲು ಕಿತ್ತು ಗಾರೆ ದಪ್ಪ ಮಾಡಿ ಮತ್ತೆ ಕೂರಿಸಬೇಕು. ನಡುವೆ ಚೌಕಿ ಇದ್ದರೆ ಅದನ್ನೂ ಅಷ್ಟೇ ಏರಿಸಬೇಕು. ಪಕ್ಕದಲ್ಲಿ ಕೈ ಹಿಡಿಯುವ ಕಂಬಿಯ ಎತ್ತರ ಅಷ್ಟು ಕಡಿಮೆಯಾಗುತ್ತೆ, ಅದನ್ನು ನೋಡಿಕೊಳ್ಳಿ. ಮೆಟ್ಟಿಲ ಮೇಲೆ ಭಾರ ಜಾಸ್ತಿಯಾಗೋದರಿಂದ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಒಂದು ಮಾತು ಕೇಳಿಯೇ ಮುಂದುವರಿಯಿರಿ. ಬೇಜಾರಿನ ಕೆಲಸ ನಿಜ. ಆದರೆ ಬಿದ್ದು ಕಾಲು ಮುರಿದುಕೊಳ್ಳೋದಕ್ಕಿಂತ ವಾಸಿ.

ಪ್ರಶ್ನೆ: ಆರ್ಕಿಟೆಕ್ಟ್ ಡ್ರಾಯಿಂಗ್‌ನಲ್ಲಿ ಕಾಲಮ್ 230 × 450, ಸ್ಟ್ರಕ್ಚರಲ್ ಡ್ರಾಯಿಂಗ್‌ನಲ್ಲಿ 300 × 450. ಸೈಟ್ ಎಂಜಿನಿಯರ್ ಆಗಿ ನಾನು ಯಾವುದನ್ನು ನಂಬಬೇಕು?

ಕಾಲಮ್ ಎಷ್ಟು ದಪ್ಪ ಅನ್ನೋದಕ್ಕೆ ಸ್ಟ್ರಕ್ಚರಲ್. ಎಲ್ಲಿ ನಿಲ್ಲಬೇಕು ಅನ್ನೋದಕ್ಕೆ ಸಾಮಾನ್ಯವಾಗಿ ಆರ್ಕಿಟೆಕ್ಟ್. ಆದರೆ ಎರಡೂ ಹೊಂದದೇ ಇದ್ದಾಗ ನೀವೇ ತೀರ್ಮಾನ ಮಾಡಬೇಡಿ, ಕೇಳಿ.

ಯಾಕೆ ಅಂದ್ರೆ, 70 ಮಿ.ಮೀ. ಜಾಸ್ತಿಯಾಯ್ತು ಸರಿ, ಯಾವ ಕಡೆಗೆ? ಮಧ್ಯ ಗೆರೆ ಹಿಡಿದು ಬೆಳೆದರೆ ಎರಡೂ ಕಡೆ 35. ಹೊರಗಿನ ಮುಖ ಕದಲಬಾರದು ಅಂದ್ರೆ ಅಷ್ಟೂ 70 ಮನೆಯೊಳಗೆ ಬರುತ್ತೆ, ಅಲ್ಲೊಂದು ಬಾಗಿಲು ಇದ್ದರೆ ಅದರ ಚೌಕಟ್ಟು ಕಾಲಮ್ಮಿಗೆ ಬಡಿಯುತ್ತೆ. ಈ ಒಂದು ಪ್ರಶ್ನೆಗೆ ಉತ್ತರ ಎರಡು ಡ್ರಾಯಿಂಗ್‌ನಲ್ಲೂ ಇರೋದಿಲ್ಲ, ಇಬ್ಬರ ತಲೆಯಲ್ಲಿ ಇರುತ್ತೆ, ಅದೂ ಬೇರೆ ಬೇರೆ ಉತ್ತರ. ಮೊದಲ ಡ್ರಾಯಿಂಗ್ ಮಾಡಿದಾಗ ಆರ್ಕಿಟೆಕ್ಟ್ ಅಂದಾಜಿನ ಮೇಲೆ 230 ಬರೆದಿರುತ್ತಾರೆ. ಲೆಕ್ಕ ಹಾಕಿದ ಮೇಲೆ ಎಂಜಿನಿಯರ್‌ಗೆ 300 ಬೇಕಾಗುತ್ತೆ. ಆಮೇಲೆ ಆ 300 ವಾಪಸ್ ಆರ್ಕಿಟೆಕ್ಟ್ ಡ್ರಾಯಿಂಗ್‌ಗೆ ಬರಬೇಕು. ಬರೋದಿಲ್ಲ. ನಾನು ನೋಡಿದ ಜಗಳಗಳಲ್ಲಿ ಅರ್ಧ ಈ ವಾಪಸ್ ಬರದ ಡ್ರಾಯಿಂಗ್‌ನಿಂದ ಹುಟ್ಟಿದ್ದು.

ಇನ್ನೊಂದು. ಡ್ರಾಯಿಂಗ್ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಪ್ರಿಂಟ್ ಹಾಕುವಾಗ ಯಾರೋ ‘ಪೇಜಿಗೆ ಹೊಂದಿಸು’ ಅಂತ ಒತ್ತಿರುತ್ತಾರೆ, ಇಡೀ ಡ್ರಾಯಿಂಗ್ ಸ್ವಲ್ಪ ಕುಗ್ಗಿರುತ್ತೆ. ಬರೆದ ಅಂಕಿ ಮಾತ್ರ ನಂಬಿ. ಅಂಕಿ ಇಲ್ಲದಿದ್ದರೆ ಫೋನ್ ಮಾಡಿ.

ಪ್ರಶ್ನೆ: ಸ್ಲ್ಯಾಬ್ ಹಾಕಿ ಆಯ್ತು. ಈಗ ಪ್ಲಂಬರ್ ಬಂದು ಬೀಮ್‌ನಲ್ಲಿ ತೂತು ಕೊರೆಯಬೇಕು ಅಂತಿದ್ದಾನೆ. ಕೊರೆಯಬಹುದಾ?

ಬೇಡ. ಮೊದಲು ಡ್ರಿಲ್ ಮಷಿನ್ ಕೆಳಗಿಡೋಕೆ ಹೇಳಿ, ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೋನ್ ಮಾಡಿ. ಎಲ್ಲಿ ಕೊರೆಯುತ್ತೀರಿ, ಎಷ್ಟು ದೊಡ್ಡದು, ಒಳಗೆ ಕಂಬಿ ಎಲ್ಲಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಕಾಲಮ್ ಹತ್ತಿರದ ಜಾಗ ಅಪಾಯದ್ದು. ಬೀಮಿನ ಕೆಳಗಿನ ಕಂಬಿ ಕತ್ತರಿಸಿದರಂತೂ ಬೀಮ್ ಬೀಮಾಗಿ ಉಳಿಯೋದಿಲ್ಲ.

ಈ ಪ್ರಶ್ನೆ ಬರಬೇಕಿದ್ದದ್ದು ಕಾಂಕ್ರೀಟ್ ಹಾಕುವ ಮೊದಲು. ಆಗ ಅಲ್ಲೊಂದು ತುಂಡು ಪೈಪು ಇಟ್ಟಿದ್ದರೆ, ಸೈಟ್‌ನಲ್ಲಿ ಸ್ಲೀವ್ ಅಂತಾರಲ್ಲ ಅದು, ಸುತ್ತ ಬೇಕಾದ ಕಂಬಿಯನ್ನೂ ಸೇರಿಸಿ ಮುಗಿಸಬಹುದಿತ್ತು. ಚರಂಡಿ ಪೈಪ್‌ಗೆ ಇಳಿಜಾರು ಬೇಕು ಅನ್ನೋದನ್ನು ಎಲ್ಲರೂ ಮರೆಯುತ್ತಾರೆ. 50ಕ್ಕೆ 1ರಂತೆ ಇಳಿಜಾರು ಕೊಟ್ಟರೆ 5 ಮೀಟರ್ ದೂರಕ್ಕೆ ಪೈಪ್ 100 ಮಿ.ಮೀ. ಕೆಳಗಿಳಿಯುತ್ತೆ. ಪ್ಲಾನ್‌ನಲ್ಲಿ ಅದು ಬರೀ ಒಂದು ನೇರ ಗೆರೆ, ಯಾವ ಬೀಮಿಗೂ ತಾಗಲ್ಲ. ಸೆಕ್ಷನ್, ಅಂದ್ರೆ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದ ಹಾಗೆ ತೋರಿಸುವ ಡ್ರಾಯಿಂಗ್, ಮಾಡಿ ನೋಡಿದರೆ ಮಾತ್ರ ಬೀಮಿನ ಹೊಟ್ಟೆಗೆ ಹೋಗಿ ನಿಂತಿರೋದು ಕಾಣುತ್ತೆ. ದೊಡ್ಡ ಕಟ್ಟಡಗಳಲ್ಲಿ ಇದಕ್ಕೇ ಇಡೀ ಕಟ್ಟಡದ ಮೂರು ಆಯಾಮದ ಕಂಪ್ಯೂಟರ್ ಮಾಡೆಲ್ (ಅದಕ್ಕೆ BIM ಅಂತಾರೆ) ಮಾಡಿ, ಕಂಪ್ಯೂಟರಿಂದಲೇ ಯಾವ ಪೈಪು ಯಾವ ಬೀಮಿಗೆ ಡಿಕ್ಕಿ ಹೊಡೆಯುತ್ತೆ ಅಂತ ಹುಡುಕಿಸುತ್ತಾರೆ. ಸಣ್ಣ ಮನೆಗೆ ಅದೆಲ್ಲ ಬೇಡ. ಟ್ರೇಸಿಂಗ್ ಹಾಳೆ ಮೇಲೆ ಪ್ಲಂಬಿಂಗ್, ಅದರ ಕೆಳಗೆ ಬೀಮ್ ಲೇಔಟ್, ಕಿಟಕಿ ಗಾಜಿಗೆ ಒತ್ತಿ ಹಿಡಿದು ಅರ್ಧ ಗಂಟೆ ನೋಡಿ. ಅಡ್ಡ ಬರೋ ಜಾಗಗಳಲ್ಲಿ ಮಾತ್ರ ಎತ್ತರ ಲೆಕ್ಕ ಹಾಕಿ.

ಪ್ರಶ್ನೆ: ಸಣ್ಣ ಪುಟ್ಟ ಬದಲಾವಣೆಗೂ ಆಫೀಸಿಗೆ ಬರೆದು ಒಪ್ಪಿಗೆ ಕಾಯ್ತಾ ಕೂತರೆ ಕೆಲಸ ಸಾಗೋದು ಹೇಗೆ? ಅನುಭವ ಇರೋ ಫಿಟ್ಟರ್ ಇದ್ದಾನೆ, ಅವನಿಗೆ ಗೊತ್ತಲ್ವಾ?

ಗೊತ್ತು. ಹೇಗೆ ಮಾಡಿದರೆ ಸಲೀಸು ಅಂತ ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದು ಬೇರೆ ವಿಷಯ.

ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹಯಾಟ್ ರೀಜೆನ್ಸಿ ಹೋಟೆಲ್ 1980ರಲ್ಲಿ ಶುರುವಾಯ್ತು. ಅದರ ದೊಡ್ಡ ಹಾಲ್‌ನಲ್ಲಿ ಎರಡನೇ ಮಹಡಿ ಮಟ್ಟದಲ್ಲೊಂದು, ನಾಲ್ಕನೇ ಮಹಡಿ ಮಟ್ಟದಲ್ಲೊಂದು ನಡೆದಾಡುವ ಸೇತುವೆ, ಒಂದರ ಕೆಳಗೆ ಒಂದು. ಎರಡನ್ನೂ ಚಾವಣಿಯಿಂದ ಇಳಿಬಿಟ್ಟ ಉಕ್ಕಿನ ಸಲಾಕೆಗಳಿಗೆ ತೂಗು ಹಾಕಿದ್ದರು. ಮೊದಲ ಡಿಸೈನ್‌ನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದ ಸಲಾಕೆ, ಎರಡು ಸೇತುವೆಗೂ ಅದರ ಮೇಲೆಯೇ ಬೇರೆ ಬೇರೆ ನಟ್ಟು. ಅಷ್ಟುದ್ದದ ಸಲಾಕೆಯ ನಡುಭಾಗದವರೆಗೂ ತಿರುಪಿನ ಗೆರೆ ಕೊರೆದು ನಟ್ಟು ತಿರುಗಿಸಿಕೊಂಡು ಹೋಗೋದು ಕಷ್ಟದ ಕೆಲಸ. ಹಾಗಾಗಿ ತಯಾರಿಸುವವರ ಕಡೆಯಿಂದ ಒಂದು ಬದಲಾವಣೆ ಬಂತು: ಒಂದು ಸಲಾಕೆ ಬದಲು ಎರಡು ತುಂಡು. ಚಾವಣಿಯಿಂದ ಮೇಲಿನ ಸೇತುವೆಗೆ ಒಂದು, ಮೇಲಿನ ಸೇತುವೆಯ ತೊಲೆಯಿಂದ ಕೆಳಗಿನ ಸೇತುವೆಗೆ ಇನ್ನೊಂದು.

ಕಾಗದದ ಮೇಲೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ. ಆದರೆ ಈ ಥರ ಯೋಚಿಸಿ. ಇಬ್ಬರು ಒಂದೇ ಹಗ್ಗಕ್ಕೆ ನೇತಾಡುತ್ತಿದ್ದರೆ ಪ್ರತಿಯೊಬ್ಬರ ಕೈಗೆ ಅವರವರ ಭಾರ ಮಾತ್ರ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದುಕೊಂಡರೆ? ಹಗ್ಗಕ್ಕೆ ಏನೂ ವ್ಯತ್ಯಾಸ ಇಲ್ಲ, ಮೇಲಿನವನ ಕೈಗೆ ಮಾತ್ರ ದುಪ್ಪಟ್ಟು. ಮೇಲಿನ ಸೇತುವೆಯ ನಟ್ಟಿಗೆ ಆಗಿದ್ದೂ ಅದೇ. ಈ ಬದಲಾವಣೆಗೆ ಯಾರೂ ಲೆಕ್ಕ ಹಾಕಲಿಲ್ಲ, ಡ್ರಾಯಿಂಗ್ ಮೇಲೆ ಮುದ್ರೆ ಮಾತ್ರ ಬಿತ್ತು. 1981ರ ಜುಲೈ 17ರ ಸಂಜೆ, ಹಾಲ್ ತುಂಬ ಜನ ಇದ್ದಾಗ ಎರಡೂ ಸೇತುವೆ ಕಳಚಿ ಬಿದ್ದವು. 114 ಜನ ಸತ್ತರು. ಮೊದಲ ಡಿಸೈನೇ ನಿಯಮಕ್ಕೆ ಬೇಕಾದಷ್ಟು ಗಟ್ಟಿ ಇರಲಿಲ್ಲ ಅಂತ ಆಮೇಲಿನ ತನಿಖೆಯಲ್ಲಿ ಗೊತ್ತಾಯ್ತು. ಬದಲಾವಣೆ ಅದನ್ನು ಇನ್ನೂ ಕೆಡಿಸಿತ್ತು. ಹೊಣೆ ಹೊತ್ತಿದ್ದ ಎಂಜಿನಿಯರ್‌ಗಳು ಲೈಸೆನ್ಸ್ ಕಳೆದುಕೊಂಡರು.

ನಿಮ್ಮ ಸೈಟ್‌ನಲ್ಲಿ ಸೇತುವೆ ಇಲ್ಲ ಅಂತ ಗೊತ್ತು. ಸ್ವಿಚ್ ಬೋರ್ಡ್ ಒಂದು ಗೇಣು ಆಚೆ ಹಾಕೋಕೆ ನೀವು ಯಾರಿಗೂ ಬರೆಯಬೇಕಾಗಿಲ್ಲ, ಡ್ರಾಯಿಂಗ್ ಮೇಲೆ ಕೆಂಪು ಪೆನ್ನಲ್ಲಿ ಗುರುತು ಹಾಕಿಟ್ಟರೆ ಸಾಕು. ಭಾರ ಹೊರೋದು, ನೀರು ಹರಿಯೋದು, ಬೆಂಕಿ ಬಿದ್ದರೆ ಜನ ಹೊರಗೆ ಓಡೋ ದಾರಿ, ಈ ಮೂರಕ್ಕೆ ಕೈ ಹಾಕುವ ಮೊದಲು ಮಾತ್ರ ನಿಲ್ಲಿ. ನಿಂತಾಗ ಸರಿಯಾಗಿ ಕೇಳಿ. ‘ಸರ್, ಲಿಂಟಲ್ ಪ್ರಾಬ್ಲಮ್ ಇದೆ’ (ಲಿಂಟಲ್ ಅಂದ್ರೆ ಬಾಗಿಲು, ಕಿಟಕಿ ಮೇಲಿನ ಅಡ್ಡ ತೊಲೆ) ಅಂತ ಮೆಸೇಜ್ ಹಾಕಿದರೆ ಎರಡು ದಿನ ಉತ್ತರ ಬರಲ್ಲ, ಯಾಕಂದ್ರೆ ಅದು ಪ್ರಶ್ನೆಯೇ ಅಲ್ಲ. ‘ಕಿಟಕಿ 4ರ ಲಿಂಟಲ್ ತಳ ಡ್ರಾಯಿಂಗ್‌ನಲ್ಲಿ 2100, ಬೀಮಿನ ತಳ 2050ಕ್ಕೇ ಬಂದಿದೆ, ಕಿಟಕಿ 50 ಗಿಡ್ಡ ಮಾಡಲಾ? ಶುಕ್ರವಾರದೊಳಗೆ ಹೇಳಿ, ಶನಿವಾರ ಗೋಡೆ ಅಲ್ಲಿಗೆ ಬರುತ್ತೆ’ ಅಂತ ಬರೆಯಿರಿ. ಆಫೀಸಿನವರು ‘ಹೂಂ’ ಅಂತ ಒಂದಕ್ಷರ ಕಳಿಸಿದರೂ ಉತ್ತರ ಸಿಕ್ಕಿದ ಹಾಗೆ.

ಪ್ರಶ್ನೆ: ಡ್ರಾಯಿಂಗ್ ಬದಲಾದಾಗಲೆಲ್ಲಾ ಗ್ರೂಪ್‌ಗೆ ಹಾಕ್ತೀನಿ. ಆದ್ರೂ ಸೈಟ್‌ನಲ್ಲಿ ಹಳೇದನ್ನೇ ನೋಡಿ ಕಟ್ಟುತ್ತಾರೆ. ಹೊಸ ಆರ್ಕಿಟೆಕ್ಟ್ ಆಗಿ ನನಗೆ ತಲೆ ಚಿಟ್ಟು ಹಿಡಿದಿದೆ.

ಗ್ರೂಪ್‌ಗೆ ಹಾಕೋದು ಅಂದ್ರೆ ಕಳಿಸಿದ ಹಾಗಲ್ಲ, ಎಸೆದ ಹಾಗೆ.

ನನ್ನದೇ ಒಂದು ಕಥೆ ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ಕಿಟಕಿಯನ್ನು 600 ಮಿ.ಮೀ. ಪಕ್ಕಕ್ಕೆ ಸರಿಸಿ ಹೊಸ ಡ್ರಾಯಿಂಗ್ ಕಳಿಸಿದ್ದೆ. ಹತ್ತು ದಿನ ಬಿಟ್ಟು ಹೋದರೆ ಕಿಟಕಿ ಹಳೇ ಜಾಗದಲ್ಲೇ ಇದೆ, ಲಿಂಟಲ್ ಸಮೇತ. ಕೂಗಾಡೋಕೆ ಬಾಯಿ ತೆಗೆದೆ. ಮೇಸ್ತ್ರಿ ಮಾತಾಡದೆ ನನ್ನನ್ನು ಸಿಮೆಂಟ್ ಶೆಡ್ಡಿಗೆ ಕರೆದುಕೊಂಡು ಹೋದ. ಅಲ್ಲಿ ಪ್ಲೈವುಡ್ ಮೇಲೆ ನಾಲ್ಕು ಮೊಳೆ ಹೊಡೆದು ನನ್ನ ಹಳೇ ಡ್ರಾಯಿಂಗ್ ಅಂಟಿಸಿತ್ತು. ಅಂಚೆಲ್ಲಾ ಸಿಮೆಂಟ್ ಬೆರಳಿನ ಗುರುತು, ಮಡಿಕೆ ಹರಿದ ಕಡೆ ಟೇಪು. ಹೊಸದು ಸೂಪರ್‌ವೈಸರ್‌ನ ಬ್ಯಾಗ್‌ನಲ್ಲಿ ಸುರುಳಿ ಸುತ್ತಿಕೊಂಡು ತಣ್ಣಗೆ ಕೂತಿತ್ತು. ಅವನಿಗೆ ಕೊಟ್ಟಿದ್ದೆ, ನಿಜ. ಮೊಳೆಯಿಂದ ಹಳೇದನ್ನು ಕಿತ್ತಿದ್ಯಾರು? ಯಾರೂ ಇಲ್ಲ.

ಅವತ್ತಿಂದ ನಾನು ಹೊಸ ಡ್ರಾಯಿಂಗ್ ಕೊಟ್ಟಾಗ ಹಳೇದನ್ನು ವಾಪಸ್ ಕೇಳುತ್ತೇನೆ. ಕೊಡದಿದ್ದರೆ ಅದರ ಮೇಲೆ ಅಡ್ಡಕ್ಕೆ ‘ರದ್ದು’ ಅಂತ ಬರೆದು ಬರುತ್ತೇನೆ. ಬದಲಾದ ಜಾಗದ ಸುತ್ತ ಮೋಡದ ಥರ ಗೆರೆ ಎಳೆದು, ಪಕ್ಕದಲ್ಲಿ ತ್ರಿಕೋನದೊಳಗೆ ಬದಲಾವಣೆಯ ನಂಬರ್ ಹಾಕಿ. ಮೇಸ್ತ್ರಿ ಇಡೀ ಹಾಳೆ ಓದಲ್ಲ, ಮೋಡ ಹುಡುಕುತ್ತಾನೆ. ಮೋಡ ಹಾಕದೆ ಅಂಕಿ ಮಾತ್ರ ತಿದ್ದಿ ಕಳಿಸಿದರೆ ಅದು ಹೊಂಚು ಹಾಕಿ ಹೊಡೆದ ಹಾಗೆ. ಯಾವ ಡ್ರಾಯಿಂಗ್ ಎಷ್ಟನೇ ಸಲದ್ದು, ಯಾವತ್ತು ಕೊಟ್ಟಿದ್ದು, ಯಾರ ಕೈಗೆ ಅಂತ ಒಂದು ಪಟ್ಟಿ ಇಟ್ಟುಕೊಳ್ಳಿ. ಎಕ್ಸೆಲ್ ಬೇಕಂತಿಲ್ಲ, ನೋಟ್‌ಬುಕ್ ಆದೀತು. ಫೋನ್‌ನಲ್ಲಿ ಡ್ರಾಯಿಂಗ್‌ನ ಫೋಟೋ ತೆಗೆದು ಅದರ ಮೇಲೆ ಬೆರಳಲ್ಲಿ ಗೀಚಿ ಕಳಿಸೋ ಚಾಳಿ ಇದ್ದರೆ ಇವತ್ತೇ ಬಿಡಿ.

ಪ್ರಶ್ನೆ: ಡಿಸೈನ್ ಪೂರ್ತಿ ಮುಗಿಯೋ ಮೊದಲೇ ಪಾಯ ಶುರು ಮಾಡಬಹುದಾ? ಸಮಯ ಉಳಿಯುತ್ತೆ ಅಂತಾರೆ.

ಕೆಲವೊಮ್ಮೆ ಉಳಿಯುತ್ತೆ. ಸಿಡ್ನಿ ಒಪೆರಾ ಹೌಸ್‌ನಲ್ಲಿ ಉಳಿಯಲಿಲ್ಲ. ಡೆನ್ಮಾರ್ಕಿನ ಆರ್ಕಿಟೆಕ್ಟ್ ಯೋರ್ನ್ ಉಟ್ಸನ್ 1957ರಲ್ಲಿ ಅದರ ಡಿಸೈನ್ ಸ್ಪರ್ಧೆ ಗೆದ್ದರು, 1959ರಲ್ಲೇ ಅಲ್ಲಿನ ಸರ್ಕಾರ ಕೆಲಸ ಶುರು ಮಾಡಿಸಿಬಿಟ್ಟಿತು. ಆಗ ಆ ಚಿಪ್ಪಿನಂಥ ಚಾವಣಿಯನ್ನು ಕಟ್ಟೋದು ಹೇಗೆ ಅಂತಲೇ ತೀರ್ಮಾನ ಆಗಿರಲಿಲ್ಲ. ಕೊನೆಗೆ ಚಾವಣಿಯ ಲೆಕ್ಕ ಸಿಕ್ಕಾಗ, ಕೆಳಗೆ ಆಗಲೇ ಕಟ್ಟಿದ್ದ ಕಂಬಗಳಿಗೆ ಅದನ್ನು ಹೊರುವ ತಾಕತ್ತಿರಲಿಲ್ಲ, ಮತ್ತೆ ಕಟ್ಟಬೇಕಾಯ್ತು. ಉಟ್ಸನ್ 1966ರಲ್ಲಿ ಕೆಲಸ ಬಿಟ್ಟು ಹೋದರು, ಕಟ್ಟಡ ತೆರೆದದ್ದು 1973ರಲ್ಲಿ. ಅಷ್ಟು ಚೆಂದದ ಕಟ್ಟಡ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ, ಆ ಮಾತು ಬೇರೆ.

ನಿಮ್ಮ ವಿಷಯಕ್ಕೆ ಬಂದರೆ, ಪಾಯ ಹಾಕೋಕೆ ಅಡುಗೆಮನೆ ಟೈಲ್ ಗೊತ್ತಿರಬೇಕಾಗಿಲ್ಲ. ಎಷ್ಟು ಮಹಡಿ, ಕಾಲಮ್‌ಗಳು ಎಲ್ಲಿ, ನೀರಿನ ಟ್ಯಾಂಕ್ ಎಲ್ಲಿ, ಲಿಫ್ಟ್ ಬರುತ್ತಾ ಇಲ್ವಾ, ಚರಂಡಿ ಯಾವ ಕಡೆಯಿಂದ ಹೊರಗೆ ಹೋಗುತ್ತೆ, ಇವು ಗಟ್ಟಿಯಾಗಿರಬೇಕು. ಉಳಿದದ್ದಕ್ಕೆ ಹಿಂದಿನಿಂದ ಎಣಿಸಿ. ಸ್ಲ್ಯಾಬ್ 20ನೇ ತಾರೀಕು ಅಂದ್ರೆ ಫ್ಯಾನ್, ಲೈಟ್ ಪಾಯಿಂಟ್‌ಗಳು ಕಂಬಿ ಕಟ್ಟೋ ಮೊದಲೇ ಬೇಕು, ಅಂದ್ರೆ 10ನೇ ತಾರೀಕಿಗೆ. ಇನ್ನೂ ಗೊತ್ತಾಗದ ಜಾಗವನ್ನು ಡ್ರಾಯಿಂಗ್‌ನಲ್ಲಿ ಸುತ್ತು ಹಾಕಿ ‘ಇಲ್ಲಿ ಕೆಲಸ ಮಾಡಬೇಡಿ’ ಅಂತ ಬರೆದುಬಿಡಿ. ಖಾಲಿ ಬಿಟ್ಟರೆ ಸೈಟ್‌ನಲ್ಲಿ ಯಾರಾದರೂ ತುಂಬಿಯೇ ತುಂಬುತ್ತಾರೆ.

ಪ್ರಶ್ನೆ: ಆರ್ಕಿಟೆಕ್ಟ್ ವಾರಕ್ಕೆ ಎಷ್ಟು ಸಲ ಸೈಟಿಗೆ ಬರಬೇಕು?

ವಾರದ ಲೆಕ್ಕ ಬೇಡ. ನೆಲದ ಮೇಲೆ ಗೆರೆ ಹಾಕೋ ಮಾರ್ಕಿಂಗ್ ದಿನ, ಪ್ರತಿ ಸಲ ಕಾಂಕ್ರೀಟ್ ಹಾಕೋ ಹಿಂದಿನ ದಿನ, ಇಟ್ಟಿಗೆಯ ಮೊದಲ ವರಸೆ ಇಟ್ಟಾಗ, ಪ್ಲಾಸ್ಟರ್‌ಗೆ ಮೊದಲು, ಟೈಲ್ ಶುರುವಾದಾಗ. ಮೊದಲ ವರಸೆ ಇಟ್ಟ ದಿನ ತಪ್ಪಿದ ಬಾಗಿಲನ್ನು ಹತ್ತು ನಿಮಿಷದಲ್ಲಿ ಸರಿಸಬಹುದು, ಗೋಡೆ ಎದೆಮಟ್ಟ ಬಂದ ಮೇಲೆ ಯಾರೂ ಒಪ್ಪಲ್ಲ. ಕಾಂಕ್ರೀಟ್ ನಡೀತಿರೋ ದಿನ ಬಂದು ಪ್ರಯೋಜನ ಇಲ್ಲ. ಫೋಟೋ ಚೆನ್ನಾಗಿ ಬರುತ್ತೆ ಅಷ್ಟೇ.

ಪ್ರಶ್ನೆ: ಮನೆ ಮುಗೀತು. ಡ್ರಾಯಿಂಗ್‌ಗಳನ್ನೆಲ್ಲಾ ಇಟ್ಟುಕೊಳ್ಳಬೇಕಾ?

ಹಳೇ ಡ್ರಾಯಿಂಗ್ ಅಲ್ಲ, ಕೆಂಪು ಪೆನ್ನಿನ ಗುರುತುಗಳನ್ನೆಲ್ಲ ಸೇರಿಸಿ, ಕಟ್ಟಿದ್ದು ಹೇಗಿದೆಯೋ ಹಾಗೇ ತೋರಿಸುವ ಒಂದು ಸೆಟ್ ಮಾಡಿಸಿ ಇಟ್ಟುಕೊಳ್ಳಿ. ಪ್ಲಾಸ್ಟರ್‌ಗೆ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿದ್ದರೆ ಅದೂ ಬೇಕು, ಪಕ್ಕದಲ್ಲಿ ಟೇಪ್ ಹಿಡಿದು ತೆಗೆದಿದ್ದರೆ ಇನ್ನೂ ಒಳ್ಳೇದು. ತೆಗೆದಿಲ್ಲ ಅಂದ್ರೆ, ಗೋಡೆಗೆ ಮೊಳೆ ಹೊಡೆಯೋವಾಗ ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ, ನಲ್ಲಿಯ ನೇರಕ್ಕೂ ಹೊಡೆಯಬೇಡಿ.